ತನ್ನ ಹೆಸರನ್ನು ಮರಳಿ ಪಡೆದ ರಾಜಕುಮಾರಿ

ಮದುವೆಯಾದ ಮೇಲೆ ನನ್ನ ಹೆಸರು ಎರಡಾಯಿತು. ಎಂ.ಟೆಕ್. ಪದವಿ ಪತ್ರದಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರಿದೆ, ಪಾಸ್‌ಪೋರ್ಟ್‌ನಲ್ಲಿ ಗಂಡನ ಮನೆತನದ ಹೆಸರಿದೆ. ಕೆಲವು ವರ್ಷಗಳ ಹಿಂದೆ ಕಂಪನಿಯವರು ನನ್ನನ್ನು ಆರು ತಿಂಗಳ ಪ್ರಾಜೆಕ್ಟ್‌ಗೆಂದು ನೆದರ್‌ಲ್ಯಾಂಡ್ಸ್‌ಗೆ ಕಳಿಸಲು ಹೊರಟಾಗ, ಈ ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು ಅಫಿಡವಿಟ್, ನೋಟರಿ, ಮೂರು ಸಲ ಕಚೇರಿಗೆ ಅಲೆದಾಟ ಎಲ್ಲ ಆಯಿತು. ಹೊಸ ವಿಷಯವೇನಲ್ಲ ಬಿಡಿ. ನಮ್ಮ ಮಹಿಳಾ ವೇದಿಕೆಯಲ್ಲಿ ಕೈ ಎತ್ತಿ ಎಂದರೆ ಅರ್ಧದಷ್ಟು ಮಂದಿ ಎತ್ತಬಹುದು.

ಅಲ್ಲಿಗೆ ಹೋದ ಮೇಲೆ ಹೇಗ್ ನಗರಕ್ಕೆ ಅಂಟಿಕೊಂಡೇ ಇರುವ ಫೋರ್ಬರ್ಗ್ ಎಂಬ ಊರಿನಲ್ಲಿ ಉಳಿದುಕೊಂಡಿದ್ದೆ. ದಿನಾ ಓಡಾಡುವ ದಾರಿಯಲ್ಲಿ ಒಂದು ರಸ್ತೆಯ ಹೆಸರು ಪ್ರಿನ್ಸೆಸ್ ಮರಿಯಾನ್ನೆಲಾನ್. ಅಂದರೆ ರಾಜಕುಮಾರಿ ಮರಿಯಾನ್ನೆ ರಸ್ತೆ. ಯಾರ ಮಗಳು, ಯಾರ ಹೆಂಡತಿ ಎಂಬುದೇನೂ ಬೋರ್ಡಿನ ಮೇಲೆ ಇರಲಿಲ್ಲ. ಯಾರಪ್ಪಾ ಇವಳು ಎಂದು ಕುತೂಹಲಕ್ಕೆ ಹುಡುಕತೊಡಗಿದೆ. ಸಂಜೆಗಳೆಲ್ಲ ಅದರಲ್ಲೇ ಕಳೆದವು. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕಿಯರು ಕೇಳಿದಾಗ ಮೊದಲು ನೆನಪಾದದ್ದು ಅವಳೇ.

ದೇಶವಿಲ್ಲದ ರಾಜಮನೆತನ

ಮರಿಯಾನ್ನೆ ಹುಟ್ಟಿದ್ದು 1810ರ ಮೇ 9ರಂದು, ಬರ್ಲಿನ್‌ನಲ್ಲಿ. ಡಚ್ ರಾಜಕುಮಾರಿ ಜರ್ಮನಿಯಲ್ಲಿ ಹುಟ್ಟಿದ್ದೇಕೆ? ಆಗ ಆ ಮನೆತನಕ್ಕೆ ದೇಶವೇ ಇರಲಿಲ್ಲ. 1795ರಲ್ಲಿ ಫ್ರೆಂಚ್ ಸೈನ್ಯ ನುಗ್ಗಿದಾಗ ಆರೆಂಜ್-ನಸ್ಸಾವು ಮನೆತನ ನೆದರ್‌ಲ್ಯಾಂಡ್ಸ್ ಬಿಟ್ಟು ಓಡಬೇಕಾಗಿತ್ತು. ಮರಿಯಾನ್ನೆಯ ತಂದೆ ವಿಲ್ಲೆಮ್ ಹೆಂಡತಿಯ ತವರಾದ ಪ್ರಷ್ಯಾದಲ್ಲಿ ಆಶ್ರಯ ಪಡೆದಿದ್ದ. ತಾಯಿ ವಿಲ್ಹೆಲ್ಮಿನೆ ಪ್ರಷ್ಯಾದ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್‌ನ ತಂಗಿ. ಮಗುವಿಗೆ ಇಟ್ಟದ್ದು ಐದು ಹೆಸರು: ವಿಲ್ಹೆಲ್ಮಿನಾ ಫ್ರೆಡೆರಿಕಾ ಲೂಯಿಸ್ ಷಾರ್ಲಟ್ ಮರಿಯಾನ್ನೆ. ಅದರಲ್ಲಿ ಕೊನೆಯದೇ ಬಳಕೆಗೆ ಬಂತು.

ಅವಳಿಗಿಂತ ಮೊದಲು ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು ಇದ್ದರು. ಆ ಹೆಣ್ಣುಮಗು ಪೌಲೀನೆ ಆರು ವರ್ಷಕ್ಕೇ 1806ರಲ್ಲಿ ತೀರಿಕೊಂಡಿತ್ತು. ಅದಾದ ನಾಲ್ಕು ವರ್ಷಕ್ಕೆ ಹುಟ್ಟಿದ ಮರಿಯಾನ್ನೆ ಮನೆಗೆಲ್ಲ ಕಣ್ಮಣಿಯಾದದ್ದರಲ್ಲಿ ಆಶ್ಚರ್ಯವೇನಿದೆ?

1813ರಲ್ಲಿ ನೆಪೋಲಿಯನ್‌ನ ಪತನ ಶುರುವಾದಾಗ ವಿಲ್ಲೆಮ್ ತಾಯ್ನಾಡಿಗೆ ಮರಳಿದ. 1815ರಲ್ಲಿ ನೆದರ್‌ಲ್ಯಾಂಡ್ಸ್‌ನ ಮೊದಲ ರಾಜನಾದ. ಈಗಿನ ಬೆಲ್ಜಿಯಂ ಕೂಡ ಆಗ ಅದೇ ರಾಜ್ಯದ ಭಾಗ. ಹೀಗಾಗಿ ನಿರಾಶ್ರಿತರ ಮನೆಯಲ್ಲಿ ಹುಟ್ಟಿದ ಹುಡುಗಿ ಐದನೆಯ ವಯಸ್ಸಿಗೆ ನೆದರ್‌ಲ್ಯಾಂಡ್ಸ್‌ನ ರಾಜಕುಮಾರಿ, ಆರೆಂಜ್-ನಸ್ಸಾವುವಿನ ರಾಜಕುಮಾರಿ ಎಂಬ ಎರಡು ಬಿರುದುಗಳ ಒಡತಿಯಾದಳು. ಹೇಗ್ ಮತ್ತು ಬ್ರಸೆಲ್ಸ್ ನಗರಗಳ ಅರಮನೆಗಳಲ್ಲಿ ಅವಳ ಬಾಲ್ಯ ಕಳೆಯಿತು.

ಒಂದು ಮುರಿದ ನಿಶ್ಚಿತಾರ್ಥ

ಹದಿನೆಂಟನೆಯ ವಯಸ್ಸಿನಲ್ಲಿ, 1828ರಲ್ಲಿ, ಅವಳ ನಿಶ್ಚಿತಾರ್ಥ ಗುಸ್ತಾವ್ ವಾಸಾ ಎಂಬ ರಾಜಕುಮಾರನ ಜೊತೆ ನಡೆಯಿತು. ಅವನ ತಂದೆ ಸ್ವೀಡನ್‌ನ ರಾಜನಾಗಿದ್ದವನು, 1809ರಲ್ಲಿ ಪದಚ್ಯುತನಾಗಿದ್ದ. ಮಗ ಆಸ್ಟ್ರಿಯಾದ ಸೈನ್ಯದಲ್ಲಿದ್ದ. ಹುಡುಗಿಗೆ ಹುಡುಗ ಒಪ್ಪಿಗೆ, ಮನೆಯವರಿಗೂ ಒಪ್ಪಿಗೆ. ಆದರೆ ಸ್ವೀಡನ್‌ನ ಸಿಂಹಾಸನದ ಮೇಲೆ ಆಗ ಬೇರೆ ಮನೆತನ ಕೂತಿತ್ತು. ಪದಚ್ಯುತ ರಾಜನ ಮಗನಿಗೆ ಇಷ್ಟು ದೊಡ್ಡ ಸಂಬಂಧ ಸಿಕ್ಕರೆ ನಾಳೆ ಅವನು ಹಕ್ಕು ಕೇಳಿಕೊಂಡು ಬರಬಹುದು ಎಂಬ ಭಯ ಅವರಿಗೆ. ರಾಜತಾಂತ್ರಿಕ ಒತ್ತಡ ಬಂತು. 1829ರಲ್ಲಿ ನಿಶ್ಚಿತಾರ್ಥ ಮುರಿದುಬಿತ್ತು.

ಮುಂದಿನ ವರ್ಷವೇ ಇನ್ನೊಂದು ಸಂಬಂಧ ಸಿದ್ಧವಾಯಿತು. ವರ ಪ್ರಷ್ಯಾದ ರಾಜಕುಮಾರ ಆಲ್ಬ್ರೆಕ್ಟ್, ಸ್ವಂತ ಸೋದರಮಾವನ ಕಿರಿಯ ಮಗ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಮಾವನ ಮಗ, ಹಕ್ಕಿನ ಸಂಬಂಧ! ತಾಯಿಗೆ ತವರಿಗೇ ಮಗಳನ್ನು ಕೊಟ್ಟ ಸಮಾಧಾನ, ತಂದೆಗೆ ಪ್ರಷ್ಯಾದಂಥ ಬಲಿಷ್ಠ ರಾಜ್ಯದ ನಂಟು.

ಮದುವೆ ನಡೆದದ್ದು 1830ರ ಸೆಪ್ಟೆಂಬರ್ 14ರಂದು, ಹೇಗ್‌ನಲ್ಲಿ. ಅದಕ್ಕೆ ಮೂರು ವಾರ ಮೊದಲು ಬ್ರಸೆಲ್ಸ್‌ನಲ್ಲಿ ದಂಗೆ ಎದ್ದಿತ್ತು. ಮದುವೆಯಾಗಿ ಮೂರು ವಾರದೊಳಗೆ ಬೆಲ್ಜಿಯಂ ಸ್ವಾತಂತ್ರ್ಯ ಘೋಷಿಸಿಕೊಂಡಿತು. ತಂದೆಯ ರಾಜ್ಯ ಎರಡು ಹೋಳಾಗುತ್ತಿದ್ದಾಗ ಮಗಳು ಗಂಡನ ಮನೆಗೆ ಹೊರಟಳು.

ಗಂಡನ ಹೆಸರಿನೊಳಗೆ

ಬರ್ಲಿನ್‌ನಲ್ಲಿ ಹೊಸ ಜೋಡಿಗಾಗಿ ಒಂದು ಅರಮನೆಯನ್ನು ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ಕಾರ್ಲ್ ಫ್ರೆಡ್ರಿಕ್ ಶಿಂಕೆಲ್ ನವೀಕರಿಸಿದ. ಅದಕ್ಕೆ ರಾಜಕುಮಾರ ಆಲ್ಬ್ರೆಕ್ಟ್ ಅರಮನೆ ಎಂದೇ ಹೆಸರಾಯಿತು. ಹೆಂಡತಿಗೂ ಅದೇ ಹೆಸರು ಬಂತು. ರಾಜಮನೆತನಗಳ ಪದ್ಧತಿಯ ಪ್ರಕಾರ ಅವಳು ಇನ್ನು ಮುಂದೆ ಪ್ರಷ್ಯಾದ ರಾಜಕುಮಾರಿ ಆಲ್ಬ್ರೆಕ್ಟ್. ಗಮನಿಸಿ, ರಾಜಕುಮಾರಿ ಮರಿಯಾನ್ನೆ ಅಲ್ಲ, ರಾಜಕುಮಾರಿ ಆಲ್ಬ್ರೆಕ್ಟ್! ಬಿರುದಿನಲ್ಲಿ ತವರಿನ ಹೆಸರಷ್ಟೇ ಅಲ್ಲ, ಅವಳ ಸ್ವಂತ ಹೆಸರೂ ಹೋಗಿ ಗಂಡನ ಹೆಸರು ಕೂತಿತು. ನನ್ನ ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ನನ್ನ ಹೆಸರಾದರೂ ಉಳಿದಿದೆ ಎಂದು ಇದನ್ನು ಓದಿದಾಗ ಅನ್ನಿಸಿತು.

1831ರಲ್ಲಿ ಮೊದಲ ಮಗಳು ಷಾರ್ಲಟ್ ಹುಟ್ಟಿದಳು. 1837ರಲ್ಲಿ ಮಗ ಆಲ್ಬ್ರೆಕ್ಟ್, ಅವನಿಗೂ ಅಪ್ಪನದೇ ಹೆಸರು. 1842ರಲ್ಲಿ ಕಿರಿಯ ಮಗಳು ಅಲೆಕ್ಸಾಂಡ್ರಿನೆ. ನಡುವೆ ಎಳೆಗೂಸುಗಳನ್ನು ಕಳೆದುಕೊಂಡ ದುಃಖವೂ ಇತ್ತು. ದಾಂಪತ್ಯ ಮಾತ್ರ ದಿನದಿಂದ ದಿನಕ್ಕೆ ಹಳಸುತ್ತಿತ್ತು. ಆಲ್ಬ್ರೆಕ್ಟ್‌ನ ಪರಸ್ತ್ರೀ ಸಹವಾಸ ಆಸ್ಥಾನಕ್ಕೆಲ್ಲ ಗೊತ್ತಿದ್ದ ವಿಷಯ. ಗೊತ್ತಿದ್ದರೂ ಯಾರೂ ಮಾತಾಡುತ್ತಿರಲಿಲ್ಲ. ರಾಜಕುಮಾರರು ಹಾಗೆಯೇ, ರಾಜಕುಮಾರಿಯರು ಕಂಡೂ ಕಾಣದಂತೆ ಇರಬೇಕು ಎಂಬುದು ಅಲ್ಲಿನ ಅಲಿಖಿತ ನಿಯಮ.

ಅಮ್ಮನಿಂದ ಬಂದ ಆಸ್ತಿ

1837ರಲ್ಲಿ ತಾಯಿ ವಿಲ್ಹೆಲ್ಮಿನೆ ತೀರಿಕೊಂಡಳು. ಸೈಲೀಷಿಯಾ ಪ್ರಾಂತ್ಯದ ಕಾಮೆಂಟ್ಸ್ ಎಂಬಲ್ಲಿ, ಹಿಂದೆ ಕ್ರೈಸ್ತ ಮಠವೊಂದಕ್ಕೆ ಸೇರಿದ್ದ ವಿಶಾಲವಾದ ಜಮೀನನ್ನು ಆಕೆ 1812ರಲ್ಲಿ ಕೊಂಡಿದ್ದಳು. ಅದು ಈಗ ಮಗಳ ಪಾಲಿಗೆ ಬಂತು. ಗಂಡನಿಂದ ಬಂದದ್ದಲ್ಲ, ಅಮ್ಮನಿಂದ ಬಂದದ್ದು. ಮುಂದೆ ಮರಿಯಾನ್ನೆ ಬಗ್ಗದೆ ನಿಲ್ಲಲು ಸಾಧ್ಯವಾದದ್ದು ಮುಖ್ಯವಾಗಿ ಈ ಸ್ವಂತ ಆಸ್ತಿಯಿಂದ ಎಂಬುದು ನನ್ನ ಅನಿಸಿಕೆ.

ಇಪ್ಪತ್ತೇಳು ವರ್ಷದ ಹೆಂಗಸು ಆಸ್ತಿಯನ್ನು ಯಾರೋ ಮ್ಯಾನೇಜರ್ ಕೈಗೆ ಕೊಟ್ಟು ಸುಮ್ಮನಿರಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. 1838ರಲ್ಲಿ ಸ್ವಲ್ಪ ದೂರದ ಬೆಟ್ಟದ ಸೀಮೆಯಲ್ಲಿ ಸೈಟೆನ್‌ಬರ್ಗ್ ಎಂಬ ಇನ್ನೊಂದು ಎಸ್ಟೇಟ್ ಕೊಂಡಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಮೆಂಟ್ಸ್‌ನ ಗುಡ್ಡದ ಮೇಲೆ ಹೊಸ ಅರಮನೆಗೆ ಅಡಿಗಲ್ಲು ಬಿತ್ತು. ನಕ್ಷೆ ಶಿಂಕೆಲ್‌ನದು: ನಾಲ್ಕು ಮೂಲೆಗೆ ನಾಲ್ಕು ದುಂಡು ಗೋಪುರ, ಕೋಟೆಯಂಥ ಗೋಡೆ, ನೂರಕ್ಕೂ ಹೆಚ್ಚು ಕೋಣೆ. ಶಿಂಕೆಲ್ 1841ರಲ್ಲಿ ತೀರಿಕೊಂಡ ಮೇಲೂ ಫರ್ಡಿನಾಂಡ್ ಮಾರ್ಟಿಯುಸ್ ಎಂಬ ವಾಸ್ತುಶಿಲ್ಪಿ ಕೆಲಸ ಮುಂದುವರಿಸಿದ. ನಡುವೆ ಕೆಲವು ವರ್ಷ ಕೆಲಸ ನಿಂತುಹೋಗಿತ್ತು. ಎಲ್ಲ ಮುಗಿಯುವಾಗ 1872 ಆಗಿತ್ತು, ಅಂದರೆ ಮೂವತ್ತನಾಲ್ಕು ವರ್ಷ.

ಸೈಟೆನ್‌ಬರ್ಗ್ ಕಡೆ ಅವಳು ಮಾಡಿಸಿದ ಕೆಲಸಗಳನ್ನು ನೋಡಿದರೆ ಇದು ಬರೀ ರಾಜಕುಮಾರಿಯ ಶೋಕಿಯಲ್ಲ ಎಂಬುದು ತಿಳಿಯುತ್ತದೆ. ಬೆಟ್ಟದಲ್ಲಿ ರಸ್ತೆಗಳಾದವು. ಅಮೃತಶಿಲೆಯ ಗಣಿಗಾರಿಕೆ ಬೆಳೆಯಿತು. 1864ರಲ್ಲಿ ಅಲ್ಲಿ ಗಾಜಿನ ಕಾರ್ಖಾನೆಯೊಂದು ಶುರುವಾಯಿತು. ಅದಕ್ಕೆ ಅವಳ ತವರುಮನೆತನದ ನೆನಪಿಗೆ ಒರಾನಿಯನ್‌ಹ್ಯುಟ್ಟೆ ಎಂದು ಹೆಸರಿಟ್ಟರು, ಅಂದರೆ ಆರೆಂಜ್ ಕಾರ್ಖಾನೆ. ಶ್ನೇಬರ್ಗ್ ಎಂಬ ಎತ್ತರದ ಬೆಟ್ಟದ ಮೇಲೆ ಅವಳ ಮುತುವರ್ಜಿಯಿಂದ 1871ರಲ್ಲಿ ಕಟ್ಟಿದ ಸ್ವಿಸ್ ಮಾದರಿಯ ಮನೆ ಚಾರಣಿಗರ ತಂಗುದಾಣವಾಗಿ ಇವತ್ತಿಗೂ ಇದೆ. ಆ ಸೀಮೆಯ ಜನ ಅವಳನ್ನು ಒಳ್ಳೆಯ ಒಡತಿ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರಂತೆ.

ಗಂಡನ ಮನೆ ಬಿಟ್ಟಳು

1845ರಲ್ಲಿ, ಮದುವೆಯಾಗಿ ಹದಿನೈದನೆಯ ವರ್ಷಕ್ಕೆ, ಮರಿಯಾನ್ನೆ ಗಂಡನ ಮನೆ ಬಿಟ್ಟಳು. ಹಿರಿಯ ಮಗಳಿಗೆ ಹದಿನಾಲ್ಕು, ಮಗನಿಗೆ ಎಂಟು, ಕಿರಿಯವಳಿಗೆ ಮೂರು ವರ್ಷ. ಮಕ್ಕಳು ಪ್ರಷ್ಯಾದ ರಾಜಮನೆತನದ ಸ್ವತ್ತು, ಅವರನ್ನು ಜೊತೆಗೆ ಕರೆದೊಯ್ಯುವ ಪ್ರಶ್ನೆಯೇ ಇರಲಿಲ್ಲ. ಕಿರಿಯ ಮಗಳು ಅಲೆಕ್ಸಾಂಡ್ರಿನೆಯನ್ನು ಮಕ್ಕಳಿಲ್ಲದ ರಾಜ ದಂಪತಿಗಳು, ಅಂದರೆ ಆಲ್ಬ್ರೆಕ್ಟ್‌ನ ಅಣ್ಣ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಮತ್ತು ರಾಣಿ ಎಲಿಸಬೆತ್, ಬೆಳೆಸಿದರು. ಮೂರು ವರ್ಷದ ಮಗುವನ್ನು ಬಿಟ್ಟು ಬಂದವಳ ಮನಸ್ಥಿತಿ ಏನಿದ್ದೀತು? ಆಗ ನನ್ನ ಮಗಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಆರೇ ತಿಂಗಳು ಬಿಟ್ಟಿದ್ದಕ್ಕೆ ವೀಡಿಯೊ ಕಾಲ್ ಮುಗಿದ ಮೇಲೆ ದಿನಾ ಅಳುತ್ತಿದ್ದೆ. ಈ ಭಾಗವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಿಚ್ಛೇದನಕ್ಕೆ ಎರಡೂ ಮನೆತನಗಳ ವಿರೋಧವಿತ್ತು. ಬರ್ಲಿನ್‌ನಲ್ಲಿ ಭಾವ ರಾಜ, ಹೇಗ್‌ನಲ್ಲಿ ಸ್ವಂತ ಅಣ್ಣ ಎರಡನೇ ವಿಲ್ಲೆಮ್ ರಾಜ. ಇಬ್ಬರಿಗೂ ಮನೆಯ ಮರ್ಯಾದೆಯದೇ ಚಿಂತೆ. ಅವಳನ್ನು ಮುದ್ದಿನಿಂದ ಬೆಳೆಸಿದ ತಂದೆ 1843ರಲ್ಲೇ ತೀರಿಕೊಂಡಿದ್ದ. ಮರಿಯಾನ್ನೆ 1848ರಲ್ಲಿ ಫೋರ್ಬರ್ಗ್‌ನಲ್ಲಿ ರಸ್ಟ್‌ಹೋಫ್ ಎಂಬ ತೋಟದ ಮನೆ ಕೊಂಡಳು. ನಾನು ನೋಡಿದ ರಸ್ತೆಗೆ ಅವಳ ಹೆಸರು ಬರಲು ಕಾರಣ ಈ ಊರಿನ ಜೊತೆಗಿನ ಅವಳ ನಂಟು. ಕೊನೆಗೂ 1849ರ ಮಾರ್ಚ್ 28ರಂದು ವಿಚ್ಛೇದನ ಸಿಕ್ಕಿತು. ರಾಜಕುಮಾರಿ ಆಲ್ಬ್ರೆಕ್ಟ್ ಮತ್ತೆ ನೆದರ್‌ಲ್ಯಾಂಡ್ಸ್‌ನ ರಾಜಕುಮಾರಿ ಮರಿಯಾನ್ನೆಯಾದಳು. ಹತ್ತೊಂಬತ್ತು ವರ್ಷಗಳ ನಂತರ ಹೆಸರು ವಾಪಸ್ ಬಂತು.

ಕುದುರೆಗಾಡಿಯವನು

ಕಥೆ ಇಲ್ಲಿಗೆ ಮುಗಿದಿದ್ದರೆ ಬಹುಶಃ ಲೋಕ ಅವಳನ್ನು ಅಯ್ಯೋ ಪಾಪ ಎಂದು ಕ್ಷಮಿಸುತ್ತಿತ್ತೇನೋ. ಆದರೆ ಅವಳ ಬಾಳಿನಲ್ಲಿ ಇನ್ನೊಬ್ಬ ವ್ಯಕ್ತಿ ಬಂದಿದ್ದ. ಹೆಸರು ಯೋಹಾನೆಸ್ ಫಾನ್ ರಾಸಮ್. ಅವಳ ಕುದುರೆಗಾಡಿ ಓಡಿಸುತ್ತಿದ್ದವನು. ಆಮೇಲೆ ಅವಳ ಕಾರ್ಯದರ್ಶಿಯೂ ಗ್ರಂಥಪಾಲಕನೂ ಆದ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅವರು ಎಂದೂ ವಿಧಿವತ್ತಾಗಿ ಮದುವೆಯಾಗಲಿಲ್ಲ, ಆದರೆ ಅವನು ಸಾಯುವವರೆಗೂ ಒಟ್ಟಿಗೇ ಬಾಳಿದರು.

1849ರ ಅಕ್ಟೋಬರ್ 30ರಂದು ಇಟಲಿಯ ಸಿಸಿಲಿ ದ್ವೀಪದ ಚೆಫಲೂ ಎಂಬ ಕಡಲತಡಿಯ ಊರಿನಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಯೋಹಾನೆಸ್ ವಿಲ್ಲೆಮ್ ಎಂದು ಹೆಸರಿಟ್ಟರು. ಮೊದಲನೆಯದು ಅಪ್ಪನ ಹೆಸರು, ಎರಡನೆಯದು ತನ್ನ ತಂದೆಯಾದ ರಾಜನ ಹೆಸರು! ಇಂಥ ಸಂದರ್ಭದಲ್ಲಿ ಮಗುವನ್ನು ಗುಟ್ಟಾಗಿ ಯಾರಿಗೋ ಸಾಕಲು ಕೊಟ್ಟು, ಏನೂ ಆಗಿಲ್ಲವೆಂಬಂತೆ ಮರಳಿ ಬರುವುದು ಆಗಿನ ದೊಡ್ಡ ಮನೆಗಳ ರೂಢಿ. ಮರಿಯಾನ್ನೆ ಮಗುವನ್ನು ತನ್ನ ಬಳಿಯೇ ಇಟ್ಟುಕೊಂಡಳು, ತನ್ನ ಮಗನೆಂದೇ ಬೆಳೆಸಿದಳು.

24 ಗಂಟೆ

ಎರಡೂ ಆಸ್ಥಾನಗಳ ಬಾಗಿಲು ಮುಚ್ಚಿತು. ಪ್ರಷ್ಯಾದ ರಾಜಮನೆತನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಷ್ಯಾದ ನೆಲದಲ್ಲಿ ಅವಳು ಒಮ್ಮೆಗೆ 24 ಗಂಟೆಗಿಂತ ಹೆಚ್ಚು ಇರಕೂಡದು. ಬಂದಾಗಲೂ ಹೊರಡುವಾಗಲೂ ಪೊಲೀಸರಿಗೆ ವರದಿ ಕೊಡಬೇಕು. ಅವಳ ಮಕ್ಕಳು ಇದ್ದದ್ದು ಪ್ರಷ್ಯಾದಲ್ಲಿ. ಅವಳು ಕಟ್ಟಿಸುತ್ತಿದ್ದ ಕಾಮೆಂಟ್ಸ್ ಅರಮನೆ, ಗಣಿ, ಎಸ್ಟೇಟ್ ಎಲ್ಲ ಇದ್ದದ್ದೂ ಪ್ರಷ್ಯಾದಲ್ಲೇ.

ಅತ್ತ ಆಲ್ಬ್ರೆಕ್ಟ್‌ನ ಕಥೆ ಏನಾಯಿತು? 1853ರಲ್ಲಿ ಅವನು ರೊಸಾಲಿ ಫಾನ್ ರೌಖ್ ಎಂಬವಳನ್ನು ಮದುವೆಯಾದ. ಅವಳು ಯುದ್ಧಮಂತ್ರಿಯಾಗಿದ್ದವನ ಮಗಳು, ಅವಳ ಜೊತೆಗಿನ ಸಂಬಂಧ ಹಳೆಯದೇ. ರಾಜವಂಶದವಳಲ್ಲ ಎಂಬ ಕಾರಣಕ್ಕೆ ಬರ್ಲಿನ್ ಆಸ್ಥಾನ ಅವನ ಮೇಲೂ ಸಿಟ್ಟಾಯಿತು. ಅವನು ಡ್ರೆಸ್ಡನ್ ನಗರದ ಬಳಿ ಎಲ್ಬೆ ನದಿಯ ದಂಡೆಯಲ್ಲಿ ಭವ್ಯವಾದ ಅರಮನೆ ಕಟ್ಟಿಸಿಕೊಂಡು ಅಲ್ಲಿ ನೆಲೆಸಿದ. ರೊಸಾಲಿಗೆ ಹೋಹೆನೌ ಕೌಂಟೆಸ್ ಎಂಬ ಬಿರುದು ಸಿಕ್ಕಿತು. ಆಲ್ಬ್ರೆಕ್ಟ್‌ನ ಸೈನ್ಯದ ಹುದ್ದೆಗಳು ಮುಂದುವರಿದವು. 1866ರ ಮತ್ತು 1870ರ ಯುದ್ಧಗಳಲ್ಲಿ ಅಶ್ವದಳದ ನಾಯಕನಾಗಿ ಹೋಗಿ ಪದಕಗಳನ್ನು ಗಳಿಸಿದ. ಅವನಿಗೆ ಕಷ್ಟವೇ ಆಗಲಿಲ್ಲ ಎನ್ನುವಂತಿಲ್ಲ. ಆದರೆ ಅವನು ಮನೆಗೆ ಬಂದರೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಈಗ ಮರಿಯಾನ್ನೆ ಮಾಡಿದ ಉಪಾಯ ನೋಡಿ. 1853ರಲ್ಲಿ ಅವಳು ಗಡಿಯಾಚೆ ಆಸ್ಟ್ರಿಯಾದ ನೆಲದಲ್ಲಿ ವೈಸ್‌ವಾಸರ್ ಎಂಬ ಎಸ್ಟೇಟ್ ಕೊಂಡಳು. ಅಲ್ಲಿಂದ ಕಾಮೆಂಟ್ಸ್ ಕುದುರೆಗಾಡಿಯಲ್ಲಿ ಹೋಗಿ ಬರುವಷ್ಟು ಹತ್ತಿರ. ಗಡಿ ದಾಟಿ ಬರುವುದು, ಅರಮನೆಯ ಕೆಲಸ ಎಲ್ಲಿಗೆ ಬಂತು ನೋಡುವುದು, ಲೆಕ್ಕಪತ್ರ ಕೇಳುವುದು, 24 ಗಂಟೆ ಮುಗಿಯುವುದರೊಳಗೆ ವಾಪಸ್. ಮತ್ತೆ ಬರುವುದು, ಮತ್ತೆ ವಾಪಸ್. ಕಾನೂನನ್ನು ಒಂದು ದಿನವೂ ಮುರಿಯದೆ ಅದನ್ನು ನಿಷ್ಪ್ರಯೋಜಕ ಮಾಡಿಬಿಟ್ಟಳು! ನಮ್ಮ ಐಟಿ ಭಾಷೆಯಲ್ಲಿ ಇದನ್ನೇ ವರ್ಕ್‌ಅರೌಂಡ್ ಎನ್ನುತ್ತೇವೆ.

ಆದರೆ ಎಲ್ಲಕ್ಕೂ ಹೀಗೆ ಉಪಾಯ ಸಿಗುವುದಿಲ್ಲ. ಹಿರಿಯ ಮಗಳು ಷಾರ್ಲಟ್ 1850ರಲ್ಲಿ ಸಾಕ್ಸೆ-ಮೈನಿಂಗೆನ್‌ನ ರಾಜಕುಮಾರ ಗಿಯೋರ್ಗ್‌ನನ್ನು ಮದುವೆಯಾದಳು. 1855ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಅವಳಿಗೆ ಇನ್ನೂ 23 ವರ್ಷ.

ರೈನ್ ನದಿಯ ದಂಡೆಯ ಮನೆ

ಅದೇ 1855ರಲ್ಲಿ ಮರಿಯಾನ್ನೆ ರೈನ್ ನದಿಯ ದಂಡೆಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಇರುವ ಎರ್ಬಾಖ್ ಎಂಬ ಊರಿನಲ್ಲಿ ರೈನ್‌ಹಾರ್ಟ್ಸ್‌ಹೌಸನ್ ಎಂಬ ಮನೆ ಕೊಂಡಳು. ಅದು ನಸ್ಸಾವು ಸಂಸ್ಥಾನದ ನೆಲ. ಆರೆಂಜ್-ನಸ್ಸಾವು ಎಂಬ ಮನೆತನದ ಹೆಸರಿನ ಅರ್ಧ ಭಾಗ ಬಂದದ್ದೇ ಈ ಸೀಮೆಯಿಂದ. ತವರಿನಲ್ಲಿ ಜಾಗವಿಲ್ಲದಾಗ ಪೂರ್ವಜರ ಊರನ್ನು ಹುಡುಕಿಕೊಂಡು ಬಂದಂತಾಯಿತು.

ಇಲ್ಲಿ ಅವಳ ಬದುಕು ಅರಳಿತು. ನೂರಾರು ವರ್ಣಚಿತ್ರಗಳನ್ನು, ಶಿಲ್ಪಗಳನ್ನು ಸಂಗ್ರಹಿಸಿದಳು. ಕಲಾವಿದರಿಗೆ ಕೆಲಸ ಕೊಟ್ಟಳು, ನೆರವು ನೀಡಿದಳು. ಚಿತ್ರಶಾಲೆಗೆಂದೇ ಮನೆಯನ್ನು ವಿಸ್ತರಿಸಿದಳು. ಆಸ್ಥಾನಗಳು ದೂರವಿಟ್ಟವಳ ಮನೆ ಕಲೆಯ ಕೇಂದ್ರವಾಯಿತು. ಮಗ ಯೋಹಾನೆಸ್ ವಿಲ್ಲೆಮ್ ಅಪ್ಪ ಅಮ್ಮನ ಜೊತೆ ಇಲ್ಲಿಯೇ ಬೆಳೆದ. ಮೊದಲ ಮೂರು ಮಕ್ಕಳ ಬಾಲ್ಯ ಅವಳ ಕೈತಪ್ಪಿಹೋಗಿತ್ತು, ಈ ಒಬ್ಬ ಮಗನ ಬಾಲ್ಯವಾದರೂ ಸಿಕ್ಕಿತು.

ಅದೂ ಪೂರ್ತಿ ಸಿಗಲಿಲ್ಲ. 1861ರ ಕ್ರಿಸ್‌ಮಸ್ ದಿನ ಹನ್ನೆರಡು ವರ್ಷದ ಹುಡುಗ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ.

ಮರಿಯಾನ್ನೆ ಕೂಡಲೇ ಊರಿಗೆ ಒಂದು ಚರ್ಚ್ ಕಟ್ಟಲು ಜಾಗವನ್ನೂ 60,000 ಗಿಲ್ಡರ್ ಹಣವನ್ನೂ ದಾನ ಕೊಟ್ಟಳು. ಎರ್ಬಾಖ್‌ನ ಸುತ್ತಮುತ್ತ ಕ್ಯಾಥೊಲಿಕರೇ ಹೆಚ್ಚು, ಪ್ರೊಟೆಸ್ಟಂಟರಿಗೆ ಅಲ್ಲಿ ಸ್ವಂತ ಚರ್ಚ್ ಇರಲಿಲ್ಲ. 1865ರಲ್ಲಿ ಕಟ್ಟಡ ಪೂರ್ಣವಾಗಿ ಪ್ರಾರ್ಥನೆ ಶುರುವಾಯಿತು. ಯೋಹಾನೆಸ್ ಚರ್ಚ್ ಎಂದು ಅದರ ಹೆಸರು, ಮಗನ ಸಮಾಧಿಯೂ ಅಲ್ಲೇ. ಲೋಕ ಅಕ್ರಮ ಸಂತಾನ ಎಂದು ಕರೆದ ಹುಡುಗನ ಹೆಸರಿಗೆ ಹೊಂದುವ ದೇವಾಲಯದಲ್ಲಿ ನೂರೈವತ್ತು ವರ್ಷ ದಾಟಿದರೂ ಜನ ಕೈಮುಗಿಯುತ್ತಿದ್ದಾರೆ.

ಮರುವರ್ಷ, 1866ರಲ್ಲಿ, ನಸ್ಸಾವು ಸಂಸ್ಥಾನವನ್ನು ಪ್ರಷ್ಯಾ ನುಂಗಿಹಾಕಿತು. ಅವಳನ್ನು ಹೊರಗಿಟ್ಟಿದ್ದ ರಾಜ್ಯವೇ ಅವಳ ಮನೆಬಾಗಿಲಿಗೆ ಬಂತು. ಅವಳು ಮಾತ್ರ ಎರ್ಬಾಖ್ ಬಿಟ್ಟು ಕದಲಲಿಲ್ಲ. 1873ರಲ್ಲಿ ಅವಳ ಮಗ ಆಲ್ಬ್ರೆಕ್ಟ್‌ನ ಮದುವೆ ನಡೆಯಿತು. ಮೂವತ್ತನಾಲ್ಕು ವರ್ಷ ತಗುಲಿದ ಕಾಮೆಂಟ್ಸ್ ಅರಮನೆಯನ್ನು ಅವನಿಗೆ ಕೊಟ್ಟಳು. ಅದೇ ವರ್ಷ ಮೇ ತಿಂಗಳಲ್ಲಿ ಫಾನ್ ರಾಸಮ್ ತೀರಿಕೊಂಡ. ಹತ್ತು ವರ್ಷದ ನಂತರ, 1883ರ ಮೇ 29ರಂದು, 73ನೆಯ ವಯಸ್ಸಿನಲ್ಲಿ ಮರಿಯಾನ್ನೆ ಕಣ್ಣುಮುಚ್ಚಿದಳು.

ಡಚ್ ರಾಜಮನೆತನದವರನ್ನು ಡೆಲ್ಫ್ಟ್ ನಗರದ ಹೊಸ ಚರ್ಚ್‌ನಲ್ಲಿ ಹೂಳುವುದು ಸಂಪ್ರದಾಯ. ಅವಳ ತಂದೆ ತಾಯಿ, ಅಣ್ಣಂದಿರು ಅಲ್ಲಿದ್ದಾರೆ. ಮರಿಯಾನ್ನೆಯ ಸಮಾಧಿ ಇರುವುದು ಎರ್ಬಾಖ್‌ನ ಊರ ಸ್ಮಶಾನದಲ್ಲಿ, ಆ ಕುದುರೆಗಾಡಿಯವನ ಪಕ್ಕದಲ್ಲಿ.

ಬಿರುದುಗಳೂ ಗೌರವಗಳೂ

ಅವಳ ಬಿರುದುಗಳನ್ನು ಪಟ್ಟಿ ಮಾಡಿದರೆ ಹೀಗಾಗುತ್ತದೆ. ಹುಟ್ಟಿದಾಗ ಆರೆಂಜ್-ನಸ್ಸಾವುವಿನ ರಾಜಕುಮಾರಿ. 1815ರಿಂದ ನೆದರ್‌ಲ್ಯಾಂಡ್ಸ್‌ನ ರಾಜಕುಮಾರಿಯೂ ಹೌದು. 1830ರಿಂದ 1849ರವರೆಗೆ ಪ್ರಷ್ಯಾದ ರಾಜಕುಮಾರಿ ಆಲ್ಬ್ರೆಕ್ಟ್. 1849ರಿಂದ ಕೊನೆಯವರೆಗೆ ಮತ್ತೆ ನೆದರ್‌ಲ್ಯಾಂಡ್ಸ್‌ನ ರಾಜಕುಮಾರಿ ಮರಿಯಾನ್ನೆ. ಮೊದಲ ಮೂರೂ ಅವಳು ಕೇಳದೆಯೇ ಬಂದವು. ಕೊನೆಯದನ್ನು ಮಾತ್ರ ಮಕ್ಕಳು, ಮನೆ, ಆಸ್ಥಾನ, ಮರ್ಯಾದೆ ಎಲ್ಲದರ ಬೆಲೆ ತೆತ್ತು ಪಡೆದಳು.

ಇನ್ನು ಗೌರವಗಳು. ಅವಳಿದ್ದ ಸೈಲೀಷಿಯಾ ಎರಡನೆಯ ಮಹಾಯುದ್ಧದ ನಂತರ ಪೋಲೆಂಡ್‌ಗೆ ಸೇರಿತು. ಅಲ್ಲಿದ್ದ ಜರ್ಮನ್ನರು ಹೊರಟುಹೋದರು, ಊರುಗಳ ಹೆಸರುಗಳೇ ಬದಲಾದವು. 1946ರಲ್ಲಿ ಕಾಮೆಂಟ್ಸ್ ಅರಮನೆ ಬೆಂಕಿಗೆ ಆಹುತಿಯಾಯಿತು. ಎಷ್ಟೋ ವರ್ಷ ಪಾಳುಬಿದ್ದಿದ್ದ ಅದನ್ನು ಈಗ ಅಲ್ಲಿನ ಸ್ಥಳೀಯ ಆಡಳಿತ ಸ್ವಲ್ಪ ಸ್ವಲ್ಪವಾಗಿ ದುರಸ್ತಿ ಮಾಡಿಸಿ ಪ್ರವಾಸಿಗರಿಗೆ ತೆರೆದಿದೆ. ಭಾಷೆ, ದೇಶ, ಜನ ಎಲ್ಲ ಬದಲಾದರೂ ಪೋಲಿಷರು ಅವಳನ್ನು ಮರಿಯಾನ್ನಾ ಒರಾನ್ಸ್ಕಾ ಎಂದು ತಮ್ಮವಳನ್ನಾಗಿ ಮಾಡಿಕೊಂಡಿದ್ದಾರೆ. ಅವಳ ಬೆಟ್ಟಗಳಲ್ಲಿ ಸಿಗುವ ಬಿಳಿ ಅಮೃತಶಿಲೆಗೆ ಪೋಲಿಷ್‌ನಲ್ಲಿ ಬ್ಯಾವಾ ಮರಿಯಾನ್ನಾ ಎಂದೇ ಹೆಸರು. ಅಂದರೆ ಬಿಳಿ ಮರಿಯಾನ್ನಾ. ಕಲ್ಲಿನ ವ್ಯಾಪಾರಿಗಳ ಕ್ಯಾಟಲಾಗ್‌ನಲ್ಲಿ ಅದೇ ಹೆಸರಿನಿಂದ ಸಿಗುತ್ತದೆ.

ಅವಳ ಗಂಡನ ಹೆಸರೂ ಬರ್ಲಿನ್‌ನಲ್ಲಿ ಒಂದು ಅರಮನೆಗೆ, ಒಂದು ರಸ್ತೆಗೆ ಇತ್ತು. ಹಿಟ್ಲರ್‌ನ ಕಾಲದಲ್ಲಿ ಗೆಸ್ಟಾಪೊ ಎಂಬ ಕುಖ್ಯಾತ ಗುಪ್ತ ಪೊಲೀಸರ ಮುಖ್ಯ ಕಚೇರಿ ಅದೇ ರಸ್ತೆಯಲ್ಲಿ ಕೂತಿತು. ಅದರಲ್ಲಿ ಆಲ್ಬ್ರೆಕ್ಟ್‌ನ ತಪ್ಪೇನೂ ಇಲ್ಲ, ಅವನು ಎಂದೋ ಸತ್ತಿದ್ದ. ಯುದ್ಧದ ನಂತರ ಅರಮನೆಯ ಅವಶೇಷವನ್ನೂ ಕೆಡವಿದರು, ರಸ್ತೆಯ ಹೆಸರನ್ನೂ ಬದಲಿಸಿದರು. ಅವನು ಅವಳಿಗೆ ಕೊಟ್ಟಿದ್ದ ಹೆಸರು ಹೀಗೆ ಊರಿನ ನಕ್ಷೆಯಿಂದ ಅಳಿಸಿಹೋಯಿತು. ಫೋರ್ಬರ್ಗ್‌ನ ಬೋರ್ಡಿನ ಮೇಲೆ ಅವಳ ಸ್ವಂತ ಹೆಸರು ಹಾಗೆಯೇ ಇದೆ.

ಇನ್ನೊಂದು ಮಾತು. ಅವಳು ತೀರಿಕೊಂಡ ಏಳು ವರ್ಷಕ್ಕೆ, 1890ರಲ್ಲಿ, ನೆದರ್‌ಲ್ಯಾಂಡ್ಸ್‌ನ ಸಿಂಹಾಸನ ಅವಳ ಅಣ್ಣನ ಮೊಮ್ಮಗಳು ವಿಲ್ಹೆಲ್ಮಿನಾಗೆ ಬಂತು. ಹತ್ತು ವರ್ಷದ ಹುಡುಗಿ. ಅವಳ ನಂತರ ಯುಲಿಯಾನಾ, ಆಮೇಲೆ ಬೆಯಾಟ್ರಿಕ್ಸ್. 2013ರವರೆಗೆ, 123 ವರ್ಷ, ಸತತವಾಗಿ ಹೆಂಗಸರೇ ಆ ದೇಶದ ರಾಣಿಯರಾಗಿದ್ದರು. ಮಗಳೆಂದರೆ ಬೇರೆ ಮನೆಗೆ ಹೋಗುವವಳು ಎಂದು ನಂಬಿದ್ದ ಮನೆತನವನ್ನು ಕೊನೆಗೆ ಉಳಿಸಿದ್ದು ಹೆಣ್ಣುಮಕ್ಕಳೇ.

ಗೆಳತಿಯರೇ, ಮರಿಯಾನ್ನೆ ಮಾಡಿದ್ದೆಲ್ಲ ಸರಿ ಎಂದು ವಾದಿಸಲು ನಾನು ಇದನ್ನು ಬರೆದಿಲ್ಲ. ಮೂರು ವರ್ಷದ ಮಗುವಿನ ವಿಷಯ ನನಗೆ ಇಂದಿಗೂ ಸಂಕಟ ಕೊಡುತ್ತದೆ. ಆದರೆ ಒಂದೇ ಬಗೆಯ ನಡತೆಗೆ ಗಂಡನಿಗೊಂದು ಲೆಕ್ಕ, ಹೆಂಡತಿಗೆ 24 ಗಂಟೆಯ ಲೆಕ್ಕ ಎಂಬುದು ಇನ್ನೂ ಮುಗಿದ ಕಥೆಯಲ್ಲ. ನಮ್ಮ ನಡುವೆಯೂ ಗಂಡನಿಂದ ಬೇರೆಯಾಗಿ ಬದುಕುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಅರಿಶಿನ ಕುಂಕುಮಕ್ಕೆ ಕರೆಯಲೋ ಬೇಡವೋ ಎಂದು ನಾವು ಯೋಚಿಸುವ ಆ ಅರೆಕ್ಷಣವಿದೆಯಲ್ಲ, ಅದೂ ಒಂದು ಗಡಿಯೇ. ಮುಂದಿನ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಬರೆಯುವಾಗ ಅವರನ್ನು ಇಂಥವರ ಮಗಳು, ಇಂಥವರ ಮಾಜಿ ಪತ್ನಿ ಎಂದೆಲ್ಲ ಬರೆಯದೆ, ಅವರ ಹೆಸರು ಬರೆದು ಕರೆಯೋಣ.

ಅಂದ ಹಾಗೆ, ನೆದರ್‌ಲ್ಯಾಂಡ್ಸ್‌ನಿಂದ ಬಂದ ಮೇಲೆ ಅಫಿಡವಿಟ್ ಫೈಲನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ. ಇನ್ನೂ ಎಲ್ಲೆಲ್ಲಿ ತೋರಿಸಬೇಕೋ ಗೊತ್ತಿಲ್ಲ. ಆದರೆ ಈ ಲೇಖನದ ಕೆಳಗೆ ಹಾಕಲು ಸಂಪಾದಕಿಯರಿಗೆ ನನ್ನ ಹೆಸರೊಂದನ್ನೇ ಕಳಿಸಿದ್ದೇನೆ.